ಮೊಬೈಲ್ ಗೋಪುರಗಳು ಮತ್ತು ಆರೋಗ್ಯ: ಮುಂಬಯಿಯಲ್ಲಿ ನಡೆದ ವಾದವಿವಾದ

ಮುಂಬಯಿ ಮಹಾನಗರದಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳು ಬೆಳಗ್ಗೆ ಎದ್ದು ಕಿಟಕಿ ತೆರೆದರೆ ಮೊದಲು ಕಾಣುವುದು ಎದುರು ಕಟ್ಟಡದ ತಾರಸಿ. ಅಲ್ಲಿ ನೀರಿನ ಟಾಕಿ, ಒಣಹಾಕಿದ ಹಪ್ಪಳ, ಟಿವಿಯ ಡಿಶ್‌ಗಳು. ಅವುಗಳ ನಡುವೆ ಕಬ್ಬಿಣದ ಕಂಬಕ್ಕೆ ಬಿಗಿದ ಉದ್ದನೆಯ ಬಿಳಿ ಪಟ್ಟಿಗಳಂಥ ಮೊಬೈಲ್ ಆಂಟೆನಾಗಳು. ಇವುಗಳನ್ನು ನಾವು ಸಾಮಾನ್ಯವಾಗಿ ‘ಟವರ್’ ಎಂದೇ ಕರೆಯುತ್ತೇವೆ. ಕೈಯಲ್ಲಿರುವ ಫೋನಿಗೆ ಸಿಗ್ನಲ್ ಸಿಗದಿದ್ದರೆ ಸಿಡಿಮಿಡಿಗೊಳ್ಳುವ ನಾವೇ ಈ ಟವರನ್ನು ಕಂಡು ಅಂಜುತ್ತೇವೆ. ಈ ಅಂಜಿಕೆಗೆ ಆಧಾರವೆಷ್ಟು, ಕಾನೂನು ಏನು ಹೇಳುತ್ತದೆ, ನಮ್ಮ ಹೌಸಿಂಗ್ ಸೊಸೈಟಿಗಳು ಏನು ಮಾಡಬಹುದು ಎಂಬುದನ್ನು ಒಂದೆಡೆ ಸಂಗ್ರಹಿಸಿ ಕೊಡುವುದು ಈ ಲೇಖನದ ಉದ್ದೇಶ.

ಗೋಪುರ ಮಾಡುವ ಕೆಲಸ

ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದುದು 1995ರಲ್ಲಿ. ಆಗ ಕರೆಯ ದರ ದುಬಾರಿ, ಫೋನುಗಳು ವಿರಳ, ಆಂಟೆನಾಗಳೂ ವಿರಳ. ಫೋನುಗಳು ಮನೆಮನೆಗೆ ಬಂದಂತೆ ಒಂದೊಂದು ಗೋಪುರವೂ ಹೊರಬೇಕಾದ ಕರೆಗಳ ಹೊರೆ ಹೆಚ್ಚಿತು. ಹೊರೆ ಹಂಚಲು ಹತ್ತಿರ ಹತ್ತಿರದಲ್ಲೇ ಹೊಸ ಆಂಟೆನಾಗಳು ಬೇಕಾದವು. ಖಾಲಿ ಜಾಗವಿಲ್ಲದ ಮುಂಬಯಿಯಲ್ಲಿ ಅವು ಏರಿದ್ದು ವಸತಿ ಕಟ್ಟಡಗಳ ತಾರಸಿಯನ್ನು.

ಆಂಟೆನಾದಿಂದ ಹೊರಡುವುದು ರೇಡಿಯೋ ತರಂಗ. ಎಕ್ಸ್‌ರೇಯಂತೆ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುವ ಶಕ್ತಿ ಇದಕ್ಕಿಲ್ಲ. ಆದುದರಿಂದ ಇದನ್ನು ಅಯಾನೀಕರಿಸದ ವಿಕಿರಣ ಎನ್ನುತ್ತಾರೆ. ತೀವ್ರತೆ ಹೆಚ್ಚಿದಾಗ ಇದು ದೇಹದ ಅಂಗಾಂಶವನ್ನು ಬಿಸಿಮಾಡುತ್ತದೆ ಎಂಬುದು ನಿರ್ವಿವಾದ. ಬಿಸಿಯಾಗದಷ್ಟು ಕಡಿಮೆ ತೀವ್ರತೆಯಲ್ಲಿ, ಹಗಲಿರುಳೂ ವರ್ಷಗಟ್ಟಲೆ ಮೈಮೇಲೆ ಬೀಳುತ್ತಿದ್ದರೆ ಏನಾಗುತ್ತದೆ ಎಂಬಲ್ಲಿ ವಿವಾದ ಹುಟ್ಟುತ್ತದೆ.

ಇನ್ನೊಂದು ಸಂಗತಿಯನ್ನು ಓದುಗರು ಮುಖ್ಯವಾಗಿ ಗಮನಿಸಬೇಕು. ಆಂಟೆನಾ ತನ್ನ ಶಕ್ತಿಯನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಂಚುವುದಿಲ್ಲ. ಅದರ ಮುಖ್ಯ ಕಿರಣ ತುಸುವೇ ಕೆಳಗೆ ಬಾಗಿ, ಬಹುಮಟ್ಟಿಗೆ ಅಡ್ಡಲಾಗಿ ಮುಂದಕ್ಕೆ ಸಾಗುತ್ತದೆ. ಹೀಗಾಗಿ ಆಂಟೆನಾದ ಕೆಳಗಿನ ಮಹಡಿಯಲ್ಲಿರುವವರಿಗಿಂತ, ಎದುರು ಕಟ್ಟಡದಲ್ಲಿ ಅದೇ ಎತ್ತರದ ಮಹಡಿಯಲ್ಲಿ ವಾಸಿಸುವವರ ಮೇಲೆ ತರಂಗದ ತೀವ್ರತೆ ಹೆಚ್ಚು.

ಮುಂಬಯಿಯಲ್ಲಿ ಎದ್ದ ಪ್ರಶ್ನೆ

ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ದಕ್ಷಿಣ ಮುಂಬಯಿಯ ಕಾರ್ಮೈಕಲ್ ರಸ್ತೆಯ ಕಟ್ಟಡವೊಂದರ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಎದುರಿನ ತಾರಸಿಯ ಆಂಟೆನಾಗಳಿಗೆ ಮುಖಮಾಡಿದ ಮಹಡಿಗಳಲ್ಲಿ ಹಲವರಿಗೆ ಕ್ಯಾನ್ಸರ್ ತಗಲಿದೆ ಎಂಬುದು ಅಲ್ಲಿನ ನಿವಾಸಿಗಳ ಅಳಲು. ಮಲಬಾರ್ ಹಿಲ್‌ನಲ್ಲಿ ಸಹ್ಯಾದ್ರಿ ಅತಿಥಿಗೃಹದ ಮೇಲಿನ ಆಂಟೆನಾಗಳ ವಿರುದ್ಧ ಚಿತ್ರನಟಿ ಜೂಹಿ ಚಾವ್ಲಾ ದನಿಯೆತ್ತಿದರು. ಪೊವಾಯಿಯ ಐಐಟಿಯ ವಿದ್ಯುತ್ ವಿಭಾಗದ ಪ್ರಾಧ್ಯಾಪಕ ಗಿರೀಶ್ ಕುಮಾರ್ ಅವರು 2010ರ ಡಿಸೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಗೆ ವರದಿಯೊಂದನ್ನು ಸಲ್ಲಿಸಿ, ಭಾರತ ಅನುಸರಿಸುತ್ತಿದ್ದ ಮಿತಿ ತೀರಾ ಸಡಿಲವಾದುದು, ಅದನ್ನು ಹಲವು ಪಟ್ಟು ತಗ್ಗಿಸಬೇಕು ಎಂದು ವಾದಿಸಿದರು.

ಒಂದೇ ಕಟ್ಟಡದಲ್ಲಿ ಐದಾರು ಮಂದಿಗೆ ಕ್ಯಾನ್ಸರ್ ಎಂಬ ಸುದ್ದಿ ಎಂಥವರನ್ನೂ ನಡುಗಿಸುತ್ತದೆ. ಆದರೆ ಕ್ಯಾನ್ಸರ್ ಇಂದು ಅಪರೂಪದ ವ್ಯಾಧಿಯಲ್ಲ. ನೂರಾರು ಮಂದಿ ವಾಸಿಸುವ ಸಾವಿರಾರು ಕಟ್ಟಡಗಳಿರುವ ನಗರದಲ್ಲಿ ಕೆಲವೆಡೆ ಪ್ರಕರಣಗಳು ಒತ್ತಟ್ಟಿಗೆ ಬರುವುದು ಆಕಸ್ಮಿಕವಾಗಿಯೂ ಸಾಧ್ಯ. ಬಿಡಿ ಕಟ್ಟಡದ ಲೆಕ್ಕದಿಂದ ಕಾರಣವನ್ನು ನಿರ್ಣಯಿಸಲಾಗದು. ಅದನ್ನು ತಿಳಿಯಲು ದೊಡ್ಡ ಪ್ರಮಾಣದ ಅಧ್ಯಯನಗಳು ಬೇಕು.

ಮಿತಿಗಳ ಲೆಕ್ಕ

ಅಯಾನೀಕರಿಸದ ವಿಕಿರಣದ ಕುರಿತ ಅಂತಾರಾಷ್ಟ್ರೀಯ ಆಯೋಗದ ಮಾರ್ಗಸೂಚಿಯನ್ನು ಭಾರತ 2008ರಲ್ಲಿ ಅಂಗೀಕರಿಸಿತು. ಅದರ ಪ್ರಕಾರ 900 ಮೆಗಾಹರ್ಟ್ಸ್ ತರಂಗಕ್ಕೆ ಮಿತಿ ಚದರ ಮೀಟರಿಗೆ 4.5 ವ್ಯಾಟ್. 2010ರ ಆಗಸ್ಟಿನಲ್ಲಿ ಕೇಂದ್ರವು ಅಂತರ ಸಚಿವಾಲಯ ಸಮಿತಿಯೊಂದನ್ನು ನೇಮಿಸಿತು. ಅದರ ಶಿಫಾರಸಿನ ಮೇರೆಗೆ 2012ರ ಸೆಪ್ಟೆಂಬರ್ 1ರಿಂದ ಮಿತಿಯನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು. ಅಂದರೆ 900 ಮೆಗಾಹರ್ಟ್ಸ್‌ಗೆ 0.45 ವ್ಯಾಟ್, 1800ಕ್ಕೆ 0.9 ವ್ಯಾಟ್, 2000 ಮೀರಿದ ತರಂಗಗಳಿಗೆ 1 ವ್ಯಾಟ್. ಉಲ್ಲಂಘನೆಗೆ ವಿಧಿಸುವ ದಂಡವನ್ನು 2013ರಲ್ಲಿ 10 ಲಕ್ಷ ರೂಪಾಯಿಗೆ ಏರಿಸಲಾಯಿತು.

ಬ್ಯಾಂಕಿನಲ್ಲಿ ಅಂಕಿಗಳ ನಡುವೆಯೇ ಆಯುಷ್ಯ ಕಳೆದ ನಮಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. 20 ವ್ಯಾಟ್ ಶಕ್ತಿಯ ಪ್ರಸಾರಕ, ಮುಖ್ಯ ದಿಕ್ಕಿನಲ್ಲಿ ಅದನ್ನು ಐವತ್ತು ಪಟ್ಟು ಕೇಂದ್ರೀಕರಿಸುವ ಆಂಟೆನಾ ಇದೆಯೆಂದು ಇಟ್ಟುಕೊಳ್ಳೋಣ. ಅದರ ನೇರ ಎದುರಿನಲ್ಲಿ 10 ಮೀಟರ್ ದೂರದಲ್ಲಿ ತೀವ್ರತೆ ಚದರ ಮೀಟರಿಗೆ ಸುಮಾರು 0.8 ವ್ಯಾಟ್, 20 ಮೀಟರಿನಲ್ಲಿ 0.2, 50 ಮೀಟರಿನಲ್ಲಿ 0.03, 100 ಮೀಟರಿನಲ್ಲಿ 0.008. ದೂರ ಇಮ್ಮಡಿಯಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಗೋಡೆ ತಡೆಯುವುದರಿಂದಲೂ ಕಿರಣ ಬೇರೆಡೆಗೆ ತಿರುಗಿರುವುದರಿಂದಲೂ ಮನೆಯೊಳಗಿನ ಅಳತೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಒಂದೇ ತಾರಸಿಯಲ್ಲಿ ಹಲವು ಕಂಪೆನಿಗಳ ಆಂಟೆನಾಗಳು ಒಂದೇ ಕಡೆಗೆ ತಿರುಗಿದ್ದರೆ ಎಲ್ಲವನ್ನೂ ಕೂಡಿಸಬೇಕು.

ಈ ಅಂಕಿಗಳಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಮೊದಲನೆಯದು, ರಸ್ತೆಯ ಆಚೆ ನೂರು ಮೀಟರ್ ದೂರದ ಟವರನ್ನು ಕಂಡು ಹೆದರಬೇಕಾದ ಪ್ರಮೇಯ ಬಹಳ ಕಡಿಮೆ. ಎರಡನೆಯದು, ಹತ್ತು ಮೀಟರಿನ ಅಂತರದಲ್ಲಿ ಕಟ್ಟಡಗಳು ಮುಖಾಮುಖಿಯಾಗಿ ನಿಂತಿರುವ ನಮ್ಮ ಉಪನಗರಗಳಲ್ಲಿ, ಅಂತಾರಾಷ್ಟ್ರೀಯ ಮಿತಿಯೊಳಗಿದ್ದೂ ಭಾರತದ 2012ರ ಮಿತಿಯನ್ನು ದಾಟುವ ಸಂದರ್ಭ ಇರಬಲ್ಲದು. ಅಲ್ಲಿ ಅಳತೆ ಮಾಡಿಯೇ ನೋಡಬೇಕು.

ವಿಜ್ಞಾನ ಹೇಳಿರುವುದೆಷ್ಟು

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರ ಮೇ 31ರಂದು ರೇಡಿಯೋ ತರಂಗಗಳನ್ನು ‘ಪ್ರಾಯಶಃ ಕ್ಯಾನ್ಸರ್‌ಕಾರಕವಾಗಿರಬಹುದು’ ಎಂಬ 2ಬಿ ವರ್ಗಕ್ಕೆ ಸೇರಿಸಿತು. ಟವರ್ ವಿರೋಧಿಗಳು ಹೆಚ್ಚಾಗಿ ಉದ್ಧರಿಸುವುದು ಇದನ್ನೇ. ಆದರೆ ಆ ನಿರ್ಣಯಕ್ಕೆ ಮುಖ್ಯ ಆಧಾರವಾದುದು ಫೋನನ್ನು ಕಿವಿಗೆ ಒತ್ತಿ ದೀರ್ಘಕಾಲ ಬಳಸಿದವರ ಅಧ್ಯಯನಗಳು. ಅಲ್ಲಿ ದೊರೆತ ಪುರಾವೆಯನ್ನೂ ಸಂಸ್ಥೆ ‘ಸೀಮಿತ’ ಎಂದೇ ಕರೆಯಿತು.

ಟವರಿಗೆ ನೇರವಾಗಿ ಸಂಬಂಧಿಸಿದ ಮಹತ್ವದ ಅಧ್ಯಯನ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ತಗಲಿದ ನಾಲ್ಕು ವರ್ಷದೊಳಗಿನ 1,397 ಮಕ್ಕಳನ್ನು ಆರೋಗ್ಯವಂತ ಮಕ್ಕಳೊಂದಿಗೆ ಹೋಲಿಸಿ, ತಾಯಿ ಗರ್ಭಿಣಿಯಾಗಿದ್ದಾಗ ಟವರಿನ ಸಮೀಪ ವಾಸಿಸಿದ್ದಕ್ಕೂ ಮಗುವಿನ ಕ್ಯಾನ್ಸರಿಗೂ ಸಂಬಂಧವಿದೆಯೇ ಎಂದು ಪರಿಶೀಲಿಸಿದಾಗ, ಸಂಬಂಧ ಕಂಡುಬರಲಿಲ್ಲ. ಇನ್ನೊಂದೆಡೆ 2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಯೋಜನೆಯು, ದಿನಕ್ಕೆ ಒಂಬತ್ತು ಗಂಟೆಗಳಂತೆ ಎರಡು ವರ್ಷ ತೀವ್ರ ತರಂಗಕ್ಕೆ ಒಡ್ಡಿದ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆಗಳು ಕಂಡವು ಎಂದು ವರದಿ ಮಾಡಿತು. ಆ ತೀವ್ರತೆ ಮನೆಯ ಕಿಟಕಿಯಲ್ಲಿ ಬೀಳುವುದಕ್ಕಿಂತ ಬಹಳ ಹೆಚ್ಚಿನದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ವಿಸ್ತೃತ ಪರಾಮರ್ಶೆಯು ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣುವುದಿಲ್ಲ ಎಂದಿತು. ಟವರುಗಳ ಕುರಿತಾಗಿಯೂ ಅಪಾಯದ ಸೂಚನೆ ಅದಕ್ಕೆ ಸಿಗಲಿಲ್ಲ. ಆದರೆ ಅಲ್ಲಿ ಪುರಾವೆಯ ಬಲ ಕಡಿಮೆಯೆಂದೂ ಹೇಳಿತು.

ಹೀಗೆ ತಕ್ಕಡಿ ಬಹುಮಟ್ಟಿಗೆ ‘ಹಾನಿ ಸಿದ್ಧವಾಗಿಲ್ಲ’ ಎಂಬ ಕಡೆಗೇ ವಾಲಿದೆ. ಸೋಜಿಗವೆಂದರೆ, ಟವರು ದೂರವಾದಷ್ಟೂ ನಮ್ಮ ಕೈಯ ಫೋನು ಅದನ್ನು ತಲುಪಲು ಹೆಚ್ಚು ಶಕ್ತಿ ಹೊಮ್ಮಿಸುತ್ತದೆ. ಸಿಗ್ನಲ್ ಕ್ಷೀಣವಾಗಿರುವ ಲಿಫ್ಟಿನಲ್ಲಿ ನಿಂತು ಫೋನನ್ನು ಕಿವಿಗೆ ಒತ್ತಿ ಮಾತನಾಡುವಾಗ ತಲೆಗೆ ತಗಲುವುದು ಸಾಮಾನ್ಯವಾಗಿ ದೂರದ ಟವರಿನಿಂದ ಬರುವುದಕ್ಕಿಂತ ಹೆಚ್ಚು.

ನ್ಯಾಯಾಲಯದ ಮೆಟ್ಟಿಲಲ್ಲಿ

ನ್ಯಾಯಾಲಯಗಳು ಒಂದೇ ದಾರಿಯಲ್ಲಿ ಸಾಗಿಲ್ಲ. ರಾಜಸ್ಥಾನ ಹೈಕೋರ್ಟು 2012ರ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆಗಳ ಮೇಲಿನ ಟವರುಗಳನ್ನು ತೆಗೆಯಲು ಆದೇಶಿಸಿತು. 2017ರಲ್ಲಿ, ಹತ್ತಿರದ ಟವರಿನಿಂದ ತನಗೆ ಕ್ಯಾನ್ಸರ್ ಬಂದಿದೆ ಎಂದು ಗ್ವಾಲಿಯರಿನ ಮನೆಗೆಲಸದವರೊಬ್ಬರು ಸಲ್ಲಿಸಿದ ದೂರಿನ ಮೇಲೆ ಸುಪ್ರೀಂ ಕೋರ್ಟು ಆ ಟವರನ್ನು ಸ್ಥಗಿತಗೊಳಿಸುವಂತೆ ಹೇಳಿತು. ಇದಕ್ಕೆ ವಿರುದ್ಧವಾಗಿ, 2022ರಲ್ಲಿ ಮುಂಬಯಿ ಹೈಕೋರ್ಟು ಸಾಂಗ್ಲಿ ಜಿಲ್ಲೆಯ ಗ್ರಾಮ ಪಂಚಾಯತಿಯೊಂದು ಟವರಿನ ವಿರುದ್ಧ ಮಾಡಿದ್ದ ನಿರ್ಣಯವನ್ನು ವೈಜ್ಞಾನಿಕ ಆಧಾರವಿಲ್ಲವೆಂದು ರದ್ದುಪಡಿಸಿತು. 5ಜಿ ವಿರುದ್ಧ ಜೂಹಿ ಚಾವ್ಲಾ ಹೂಡಿದ್ದ ದಾವೆಯನ್ನು ದೆಹಲಿ ಹೈಕೋರ್ಟು 2021ರ ಜೂನ್‌ನಲ್ಲಿ ವಜಾಮಾಡಿ 20 ಲಕ್ಷ ರೂಪಾಯಿ ದಂಡ ವಿಧಿಸಿತು. ಮರುವರ್ಷ ಮೇಲ್ಮನವಿಯಲ್ಲಿ ಅದು 2 ಲಕ್ಷಕ್ಕೆ ಇಳಿಯಿತು.

ಒಪ್ಪಿಗೆ ಯಾರದು?

ಮುಂಬಯಿ ಮಹಾನಗರಪಾಲಿಕೆ 2013ರಲ್ಲಿ ರೂಪಿಸಿದ ಕರಡು ನೀತಿಯಲ್ಲಿ, ಶಾಲೆ ಮತ್ತು ಆಸ್ಪತ್ರೆಗಳ ಮೇಲೆ ಟವರ್ ಕೂಡದೆಂದೂ, ವಸತಿ ಕಟ್ಟಡವಾದರೆ ಶೇಕಡಾ 70ರಷ್ಟು ಸದಸ್ಯರ ಒಪ್ಪಿಗೆ ಬೇಕೆಂದೂ ಹೇಳಲಾಗಿತ್ತು. ಒಳ್ಳೆಯ ಮಾತೇ. ಆದರೆ ಇಲ್ಲಿ ಒಪ್ಪಿಗೆ ಕೇಳುವುದು ಟವರನ್ನು ಹೊರುವ ಕಟ್ಟಡದವರನ್ನು. ಕಿರಣ ಬೀಳುವ ಎದುರು ಕಟ್ಟಡದವರನ್ನು ಕೇಳುವವರಿಲ್ಲ.

ಇದು ನಮ್ಮ ಅನುಭವಕ್ಕೂ ಬಂದ ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ಸೊಸೈಟಿಗೆ ಕಂಪೆನಿಯೊಂದರ ಬಾಡಿಗೆಯ ಪ್ರಸ್ತಾಪ ಬಂದಿತ್ತು. ಲಿಫ್ಟು ಹಳೆಯದು, ಗೋಡೆಗಳಲ್ಲಿ ಮಳೆಗಾಲದ ಸೋರಿಕೆ, ನಿವೃತ್ತ ಸದಸ್ಯರಿಗೆ ತಿಂಗಳ ಮೆಂಟೆನೆನ್ಸ್ ಹೊರೆ. ಖಜಾಂಚಿಯಾಗಿದ್ದ ನಮಗೆ ಆ ಬಾಡಿಗೆಯ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಮಹಾಸಭೆಯಲ್ಲಿ ಮೇಲಿನ ಮಹಡಿಯ ತಾಯಿಯೊಬ್ಬರು, ಎಳೆಗೂಸನ್ನು ಎತ್ತಿಕೊಂಡೇ ನಿಂತು, “ನಾಳೆ ಏನಾದರೂ ಆದರೆ ಯಾರು ಹೊಣೆ, ಅಣ್ಣಾ?” ಎಂದು ಕೇಳಿದರು. ಯಾರಲ್ಲಿಯೂ ಉತ್ತರವಿರಲಿಲ್ಲ. ಪ್ರಸ್ತಾಪ ಬಿದ್ದುಹೋಯಿತು. ಆರು ತಿಂಗಳಲ್ಲಿ ಅದೇ ಆಂಟೆನಾಗಳು ಎದುರಿನ ಕಟ್ಟಡದ ಮೇಲೆ ಏರಿದವು, ಸರಿಯಾಗಿ ಅದೇ ತಾಯಿಯ ಮಲಗುವ ಕೋಣೆಗೆ ಎದುರಾಗಿ. ಬಾಡಿಗೆ ಅವರ ಪಾಲಿಗೆ, ಕಿರಣ ನಮ್ಮ ಪಾಲಿಗೆ. ಎದುರಿನವರೊಡನೆ ಗಣೇಶೋತ್ಸವದ ಪ್ರಸಾದದ ವಿನಿಮಯವೂ ಎರಡು ವರ್ಷ ನಿಂತಿತು. ಕೊನೆಗೆ ಶುಲ್ಕ ಕಟ್ಟಿ ಅಳತೆ ಮಾಡಿಸಿದೆವು. ತೀವ್ರತೆ ಮಿತಿಯ ಒಳಗೇ ಇತ್ತು. ಆ ಕಾಗದ ಕೈಗೆ ಬಂದ ಮೇಲೆ ಮಾತುಕತೆ ಸಾಧ್ಯವಾಯಿತು. ಒಂದು ಆಂಟೆನಾದ ದಿಕ್ಕನ್ನು ರಸ್ತೆಯ ಕಡೆಗೆ ತಿರುಗಿಸಲು ಎದುರಿನ ಕಮಿಟಿಯೇ ಕಂಪೆನಿಯನ್ನು ಒಪ್ಪಿಸಿತು.

ಸೊಸೈಟಿಗಳು ಗಮನಿಸಬೇಕಾದುದು

ಒಂದು: ಅಳತೆ. ದೂರಸಂಪರ್ಕ ಇಲಾಖೆಯು 2017ರ ಮೇ ತಿಂಗಳಲ್ಲಿ ‘ತರಂಗ್ ಸಂಚಾರ್’ ಜಾಲತಾಣವನ್ನು ತೆರೆದು, ಟವರುಗಳ ವಿವರ ನೋಡುವ ಮತ್ತು ಮನೆಯಲ್ಲಿ ಅಳತೆ ಕೋರುವ ಅವಕಾಶ ಕಲ್ಪಿಸಿತು. ಅಳತೆಗೆ ಆಗ ಗೊತ್ತುಪಡಿಸಿದ್ದ ಶುಲ್ಕ 4,000 ರೂಪಾಯಿ. ಅಳತೆಯನ್ನು ಆಂಟೆನಾಕ್ಕೆ ಮುಖಮಾಡಿದ ಕೋಣೆಯಲ್ಲಿಯೇ, ಕಿಟಕಿ ತೆರೆದು ಮಾಡಿಸಬೇಕು.

ಎರಡು: ಕರಾರು. ಆಂಟೆನಾಗಳ ಸಂಖ್ಯೆ, ದಿಕ್ಕು, ಎತ್ತರ ಬರವಣಿಗೆಯಲ್ಲಿರಲಿ. ಸೊಸೈಟಿಯನ್ನು ಕೇಳದೆ ಹೊಸದನ್ನು ಸೇರಿಸಬಾರದೆಂಬ ಷರತ್ತಿರಲಿ. ಎದುರಿನ ಕಟ್ಟಡದಲ್ಲಿ ಮೊದಲೊಮ್ಮೆ, ಚಾಲನೆಯಾದ ಮೇಲೊಮ್ಮೆ ಅಳತೆ ಮಾಡಿಸುವ ಖರ್ಚು ಕಂಪೆನಿಯದಾಗಲಿ.

ಮೂರು: ಕಟ್ಟಡದ ಬಲ. ವಿಕಿರಣದ ಗದ್ದಲದಲ್ಲಿ ನಾವು ಮರೆಯುವುದು ತಾರಸಿಯ ಮೇಲೆ ಬೀಳುವ ಭಾರವನ್ನು. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಅಂಥ ಕಟ್ಟಡದ ಮೇಲೆ ಕಬ್ಬಿಣದ ಕಂಬ, ಬ್ಯಾಟರಿ ಪೆಟ್ಟಿಗೆ, ಡೀಸೆಲ್ ಜನರೇಟರ್ ಇರಿಸುವ ಮುನ್ನ ಎಂಜಿನಿಯರರ ಲಿಖಿತ ಅಭಿಪ್ರಾಯ ಅವಶ್ಯ.

ನಾಲ್ಕು: ತೆರಿಗೆ. ಸದಸ್ಯರಿಂದ ಬರುವ ವಂತಿಗೆಗಿರುವ ವಿನಾಯಿತಿ ಹೊರಗಿನ ಕಂಪೆನಿ ಕೊಡುವ ಬಾಡಿಗೆಗೆ ಇಲ್ಲ. ಅದು ಸೊಸೈಟಿಯ ತೆರಿಗೆಗೊಳಪಡುವ ಆದಾಯ. ಮಹಾಸಭೆಯಲ್ಲಿ ಹೇಳುವ ಮೊತ್ತ ತೆರಿಗೆ ಕಳೆದ ಮೊತ್ತವಾಗಿರಲಿ.

2022ರ ಅಕ್ಟೋಬರಿನಲ್ಲಿ 5ಜಿ ಬಂದ ಮೇಲೆ ಆಂಟೆನಾಗಳ ಸಂಖ್ಯೆ ಮತ್ತೆ ಏರಿದೆ. ಹೊಸ ದೂರಸಂಪರ್ಕ ಕಾಯಿದೆಯಡಿಯ ಮಾರ್ಗದ ಹಕ್ಕಿನ ನಿಯಮಗಳೂ 2025ರ ಜನವರಿ 1ರಿಂದ ಜಾರಿಯಾಗಿವೆ. ಟವರುಗಳು ನಮ್ಮ ನಡುವಿನಿಂದ ಹೋಗುವುದಿಲ್ಲ. ಊರಿನಲ್ಲಿರುವ ವೃದ್ಧ ತಂದೆತಾಯಿಯರ ಮುಖವನ್ನು ದಿನವೂ ಫೋನಿನಲ್ಲಿ ನೋಡುವ ನಾವು ಅವು ಹೋಗಲೆಂದು ಬಯಸುವುದೂ ಇಲ್ಲ. ಹಾನಿ ಸಿದ್ಧವಾಗಿಲ್ಲ ಎಂಬ ವಿಜ್ಞಾನದ ಮಾತನ್ನು ನಾವು ಗೌರವಿಸೋಣ. ಆದರೆ ತನ್ನನ್ನು ಕೇಳದೆಯೇ ತನ್ನ ಕಿಟಕಿಯ ಮುಂದೆ ಆಂಟೆನಾ ಬಂದಿತಲ್ಲ ಎನ್ನುವ ತಾಯಿಗೆ ಆ ಮಾತೊಂದೇ ಸಮಾಧಾನ ತರಲಾರದು. ನಿಮ್ಮ ಸೊಸೈಟಿಯ ಮುಂದೆ ಇಂಥ ಪ್ರಸ್ತಾಪ ಬಂದಾಗ, ಮಹಾಸಭೆ ಕರೆಯುವ ಮುನ್ನ ಎದುರು ಕಟ್ಟಡದ ಕಾರ್ಯದರ್ಶಿಯನ್ನು ಒಮ್ಮೆ ಮನೆಗೆ ಕರೆದು, ಒಂದು ಲೋಟ ಕಾಫಿ ಕೊಟ್ಟು, ನಕಾಶೆಯನ್ನು ಮುಂದಿಟ್ಟು ಮಾತನಾಡಿರಿ ಎಂಬುದು ನಮ್ಮ ವಿನಮ್ರ ಸಲಹೆ.