ಫ್ಲ್ಯಾಶ್‌ಮನ್‌ನಿಂದ ಜೂಲಿಯನ್‌ವರೆಗೆ: ಕಥೆಯೊಳಗಿನ ಶಾಲಾ ಪುಂಡರು

ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ನಲ್ಲಿ ಒಂದು ಲಾಟರಿ ಚೀಟಿಯ ಜಗಳವಿದೆ. ಡರ್ಬಿ ಪಂದ್ಯದಲ್ಲಿ ಗೆದ್ದೇ ಗೆಲ್ಲುತ್ತದೆಂದು ಎಲ್ಲರೂ ನೆಚ್ಚಿದ್ದ ಕುದುರೆಯ ಚೀಟಿ ಪುಟ್ಟ ಟಾಮ್‌ನ ಪಾಲಿಗೆ ಬಂದಿರುತ್ತದೆ. ಮಾರಲು ಒಪ್ಪದ ಅವನನ್ನು ಫ್ಲ್ಯಾಶ್‌ಮನ್‌ನ ಗುಂಪು ಉರಿಯುವ ಬೆಂಕಿಗೂಡಿನ ಮುಂದೆ ಹಿಡಿದು, ಪ್ರಜ್ಞೆ ತಪ್ಪುವವರೆಗೆ ಕಾಯಿಸುತ್ತದೆ. ಆಳು ದೊಡ್ಡವನು, ಒಳಗೆ ಪುಕ್ಕಲ: ರಗ್ಬಿ ಶಾಲೆಯ ಈ ಹಿರಿಯ ವಿದ್ಯಾರ್ಥಿ ಮುಂದೆ ಬಂದ ಎಷ್ಟೋ ಪುಂಡರಿಗೆ ಮೂಲಪುರುಷ. ಆದರೂ ಅವನನ್ನು ಶಾಲೆಯಿಂದ ಹೊರಹಾಕುವುದು ಕಿರಿಯರನ್ನು ಹಿಂಸಿಸಿದ್ದಕ್ಕಲ್ಲ, ಕುಡಿದು ಸಿಕ್ಕಿಬಿದ್ದದ್ದಕ್ಕೆ! ಹಿರಿಯರು ಕಿರಿಯರಿಂದ ಚಾಕರಿ ಮಾಡಿಸಿಕೊಳ್ಳುವುದು ಅಲ್ಲಿ ಶಾಲೆಯ ಕಟ್ಟಳೆಯೇ ಆಗಿತ್ತು. ಜಾರ್ಜ್ ಮ್ಯಾಕ್‌ಡೊನಾಲ್ಡ್ ಫ್ರೇಸರ್ 1969ರಲ್ಲಿ ಅದೇ ಫ್ಲ್ಯಾಶ್‌ಮನ್‌ನನ್ನು ದೊಡ್ಡವರ ಕಾದಂಬರಿಗೆ ನಾಯಕನಾಗಿಸಿದರು.

ಆರ್.ಕೆ. ನಾರಾಯಣರು ಮೈಸೂರಿನಲ್ಲಿದ್ದಾಗ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಬೇರೆಯೇ ದಾರಿ ಹಿಡಿಯಿತು. ಕೊನೆಯ ಬೆಂಚಿನ ಮಣಿಗೆ ಇಡೀ ತರಗತಿ ಹೆದರುತ್ತದೆ, ಸ್ವಾಮಿಗೋ ಅವನ ಗೆಳೆತನವೇ ಹೆಮ್ಮೆ. ಹೊಸ ಹುಡುಗ ರಾಜಂ ಜೊತೆ ಹೊಡೆದಾಡಲು ದೊಣ್ಣೆ ಹಿಡಿದು ನದಿ ದಡಕ್ಕೆ ಹೋದ ಮಣಿ, ಅವನು ತಂದ ಬಿಸ್ಕತ್ತು ತಿಂದು ಸ್ನೇಹಿತನಾಗುತ್ತಾನೆ. ದಂಡನೆಯೂ ಇಲ್ಲ, ಪಶ್ಚಾತ್ತಾಪದ ಭಾಷಣವೂ ಇಲ್ಲ.

ನಿಜವಾದ ತಿರುವು ಬಂದದ್ದು, ಕಥೆಯ ಕಣ್ಣು ಪುಂಡರಿಂದ ಅವರ ಪಕ್ಕ ನಿಂತವರ ಕಡೆ ಹೊರಳಿದಾಗ. ಎಲಿನರ್ ಎಸ್ಟೆಸ್ ಅವರ ‘ದಿ ಹಂಡ್ರೆಡ್ ಡ್ರೆಸಸ್’ (1944) ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲೂ ಇತ್ತು. ದಿನವೂ ಮಾಸಿದ ನೀಲಿ ಫ್ರಾಕ್ ತೊಟ್ಟು ಬರುವ ವಾಂಡಾಳನ್ನು ಪೆಗ್ಗಿ ‘ಮನೆಯಲ್ಲಿ ಎಷ್ಟು ಫ್ರಾಕ್ ಇವೆ’ ಎಂದು ಕೇಳಿ ಗೇಲಿ ಮಾಡುತ್ತಾಳೆ. ಕೈ ಎತ್ತುವುದಿಲ್ಲ, ಬೈಯುವುದೂ ಇಲ್ಲ. ಪಕ್ಕದಲ್ಲಿ ನಿಂತ ಮ್ಯಾಡಿಯೂ ಬಡವಳೇ, ಮುಂದಿನ ಸರದಿ ತನ್ನದಾದೀತೆಂದು ಬಾಯಿ ಬಿಡಳು. ಅವಳ ಆ ಮೌನವನ್ನೇ ಎಸ್ಟೆಸ್ ಕೆದಕುತ್ತಾರೆ.

ಜೂಡಿ ಬ್ಲೂಮ್ ‘ಬ್ಲಬ್ಬರ್’ನಲ್ಲಿ (1974) ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ತಿಮಿಂಗಿಲದ ಬಗ್ಗೆ ತರಗತಿಯಲ್ಲಿ ಮಾತಾಡಿದ ದಪ್ಪ ಹುಡುಗಿ ಲಿಂಡಾಗೆ ಅದರ ಕೊಬ್ಬಿನ ಹೆಸರೇ ಅಂಟಿಕೊಳ್ಳುತ್ತದೆ. ಅವಳನ್ನು ಗೋಳುಹೊಯ್ದುಕೊಳ್ಳುವವರ ಪೈಕಿ ಕಥೆ ಹೇಳುವ ಜಿಲ್ ಕೂಡ ಒಬ್ಬಳು. ಗುಂಪಿನ ಮುಂದಾಳು ವೆಂಡಿಯನ್ನು ಎದುರುಹಾಕಿಕೊಂಡ ಮೇಲೆ ಬಲಿ ಜಿಲ್ಲೇ! ಹಿರಿಯರು ಯಾರೂ ಬಂದು ನ್ಯಾಯ ಹೇಳುವುದಿಲ್ಲ. ಪುಸ್ತಕವನ್ನು ಗ್ರಂಥಾಲಯಗಳಿಂದ ತೆಗೆಯಿರೆಂದು ಅಮೆರಿಕದಲ್ಲಿ ಕೂಗೆದ್ದದ್ದೂ ಇದಕ್ಕೇ. ಈ ಸಾಲಿನಲ್ಲಿ ಇದಕ್ಕಿಂತ ಪ್ರಾಮಾಣಿಕ ಕಾದಂಬರಿ ಸಿಗುವುದು ಕಷ್ಟ.

ಹ್ಯಾರಿ ಪಾಟರ್ ಸರಣಿಯ ಮಾಲ್ಫಾಯ್ ಬಹುಪಾಲು ಹಳೆಯ ಅಚ್ಚಿನವನೇ. ಐದನೇ ಪುಸ್ತಕದಲ್ಲಿ (2003) ಮಾತ್ರ ರೌಲಿಂಗ್ ಓದುಗರನ್ನು ಬೆಚ್ಚಿಬೀಳಿಸುತ್ತಾರೆ: ಮುಂದೆ ಹ್ಯಾರಿಯ ಮೇಷ್ಟ್ರಾದ ಸ್ನೇಪ್‌ನನ್ನು ಶಾಲಾದಿನಗಳಲ್ಲಿ ತಲೆಕೆಳಗಾಗಿ ತೂಗುಹಾಕಿ ನಗುವವನು ಹ್ಯಾರಿಯ ತಂದೆ.

ಆರ್.ಜೆ. ಪಲಾಸಿಯೊ ಅವರ ‘ವಂಡರ್’ನಲ್ಲಿ (2012) ಹಲವರು ಸರದಿಯಂತೆ ಕಥೆ ಹೇಳುತ್ತಾರೆ, ಮುಖ ವಿರೂಪಗೊಂಡ ಆಗಿಯನ್ನು ಹಿಂಸಿಸುವ ಜೂಲಿಯನ್‌ಗೆ ಮಾತ್ರ ಸರದಿಯಿಲ್ಲ. ಅವನ ತಾಯಿ ತರಗತಿಯ ಫೋಟೊದಿಂದ ಆಗಿಯ ಮುಖವನ್ನೇ ಫೋಟೊಶಾಪ್‌ನಲ್ಲಿ ಅಳಿಸುತ್ತಾಳೆ. ಪುಂಡಾಟದ ಬೇರು ಮನೆಯಲ್ಲಿದೆಯೆಂಬುದಕ್ಕೆ ಆ ಒಂದು ವಿವರ ಸಾಕಿತ್ತು. ಪಲಾಸಿಯೊ 2014ರಲ್ಲಿ ‘ದಿ ಜೂಲಿಯನ್ ಚಾಪ್ಟರ್’ ಬರೆದು ಅವನಿಗೂ ಮಾತು ಕೊಟ್ಟರು. ಅಲ್ಲಿ ಮನಸ್ಸು ಹಿಡಿಯುವುದು ಪ್ಯಾರಿಸಿನ ಅಜ್ಜಿಯ ನೆನಪು: ತಾನು ಹತ್ತಿರ ಸೇರಿಸದ ಕುಂಟ ಹುಡುಗನೇ ನಾಜಿಗಳಿಂದ ತನ್ನನ್ನು ಬಚ್ಚಿಟ್ಟು ಕಾಪಾಡಿದ ಕಥೆ. ಅದನ್ನು ಕೇಳಿದ ಮೊಮ್ಮಗ ತೀರಾ ಬೇಗ ಬದಲಾಗಿಬಿಡುತ್ತಾನೆ.