ಕಾರ್ತೀಕದ ಬೆಳಗು, ಎರಡು ಗಾಲಿಯ ಸವಾರಿ

ಬೆಂಗಳೂರಿನ ಪೂರ್ವಕ್ಕೆ ಹಬ್ಬಿರುವ ಬಯಲು ಸೀಮೆಯಲ್ಲಿ ಕಾರ್ತೀಕ ಮಾಸ ಮುಗಿಯುತ್ತ ಬಂದಂತೆ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಹಿಂಗಾರು ಮಳೆ ಹಿಂದೆ ಸರಿಯುತ್ತದೆ. ಕೆರೆಗಳಲ್ಲಿ ನೀರು ನಿಂತಿರುತ್ತದೆ. ಹೊಲಗಳಲ್ಲಿ ರಾಗಿ ತೆನೆ ಕಂದು ಬಣ್ಣಕ್ಕೆ ತಿರುಗಿ ಕೊಯ್ಲಿಗೆ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ನಾಲ್ಕನೆಯದೂ ಸೇರಿಕೊಂಡಿದೆ. ಭಾನುವಾರದ ನಸುಕಿನಲ್ಲಿ ತಲೆಗೆ ಹೆಲ್ಮೆಟ್ ಧರಿಸಿ, ಹಿಂದೆ ಕೆಂಪು ದೀಪ ಮಿನುಗಿಸುತ್ತ, ಗರುಡಾಚಾರ್‌ಪಾಳ್ಯ, ಹೂಡಿ, ಕೃಷ್ಣರಾಜಪುರದ ಕಡೆಯಿಂದ ಹೊಸಕೋಟೆಯತ್ತ ಸಾಗುವ ಸೈಕಲ್ ಸವಾರರ ಗುಂಪುಗಳು ಕಾಣಸಿಗುತ್ತವೆ. ಇವರಿಗೆ ಹೋಗಿ ಮುಟ್ಟಲೇಬೇಕಾದ ಊರೆಂಬುದಿಲ್ಲ. ಹೊಲ, ಕೆರೆ, ಮಂಜು ನೋಡಿ, ದಾರಿಬದಿಯಲ್ಲಿ ಇಡ್ಲಿ ತಿಂದು ಹಿಂತಿರುಗುವುದೇ ಉದ್ದೇಶ.

ಇದು ಹೊಸ ಶೋಕಿ ಎಂದು ಭಾವಿಸುವವರಿದ್ದಾರೆ. ಆದರೆ ಸುಮ್ಮನೆ ಸಂತೋಷಕ್ಕಾಗಿ ಸೈಕಲ್ ತುಳಿದುಕೊಂಡು ಊರಾಚೆ ಹೋಗಿ ಬರುವ ಅಭ್ಯಾಸಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸವನ್ನು ಹಿಂಬಾಲಿಸಿದರೆ ಯಂತ್ರದ ಕತೆಯಷ್ಟೇ ಅಲ್ಲ, ಬಿಡುವು ಯಾರಿಗೆ ಸಿಕ್ಕಿತು, ರಸ್ತೆ ಯಾರದಾಯಿತು, ಹಳ್ಳಿ ಎಲ್ಲಿಗೆ ಸರಿಯಿತು ಎಂಬ ಕತೆಯೂ ತೆರೆದುಕೊಳ್ಳುತ್ತದೆ.

ಯಂತ್ರ ಬಂದ ಬಗೆ

ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿದ ಎರಡು ಗಾಲಿಯ ಮರದ ಬಂಡಿಗೆ ಪೆಡಲ್ ಇರಲಿಲ್ಲ; ಕಾಲಿನಿಂದ ನೆಲವನ್ನು ಒದ್ದು ಓಡಿಸಬೇಕಿತ್ತು. ಅನಂತರ ಬಂದ, ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿಯಿದ್ದ ಸೈಕಲ್ ಏರುವುದೇ ಸಾಹಸ, ಬಿದ್ದರೆ ತಲೆ ಮುಂದಾಗಿಯೇ ಬೀಳಬೇಕು. ಅಂಥದೊಂದು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟ ಥಾಮಸ್ ಸ್ಟೀವನ್ಸ್ 1886ರಲ್ಲಿ ಲಾಹೋರಿನಿಂದ ಕಲ್ಕತ್ತಾದವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸವಾರಿ ಮಾಡಿದ.

ಸಾಮಾನ್ಯರಿಗೆ ಸೈಕಲ್ ಒಲಿದದ್ದು ಎರಡು ಬದಲಾವಣೆಗಳಿಂದ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ‘ರೋವರ್’ ಸೈಕಲ್ಲನ್ನು ಹೊರತಂದ. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನು. ಇಂದಿನ ಸೈಕಲ್ಲಿನ ರೂಪ ಅದೇ. ಮೂರು ವರ್ಷಗಳ ನಂತರ, 1888ರಲ್ಲಿ, ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದ. ಬೆನ್ನುಮೂಳೆ ಅಲುಗಿಸುತ್ತಿದ್ದ ಪ್ರಯಾಣ ಅಲ್ಲಿಂದ ಹಿತವಾಯಿತು. ಮುಂದಿನ ದಶಕದಲ್ಲಿ ಯೂರೋಪು, ಅಮೆರಿಕಗಳಲ್ಲಿ ಸೈಕಲ್ಲಿನ ಹುಚ್ಚೇ ಹಬ್ಬಿತು. ಇಂಗ್ಲೆಂಡಿನಲ್ಲಿ 1878ರಷ್ಟು ಹಿಂದೆಯೇ ಪ್ರವಾಸಿ ಸೈಕಲ್ ಸವಾರರ ಸಂಘ ಹುಟ್ಟಿತ್ತು. ಒಳ್ಳೆಯ ರಸ್ತೆಗಳು ಬೇಕೆಂದು ಅಲ್ಲಿ ಮೊದಲು ಗಟ್ಟಿಯಾಗಿ ದನಿಯೆತ್ತಿದವರು ಮೋಟಾರಿನವರಲ್ಲ, ಸೈಕಲ್ಲಿನವರು.

ದಂಡಿನ ಊರಿನಿಂದ ಆಚೆಗೆ

ಭಾರತಕ್ಕೆ ಸೈಕಲ್ ಬಂದದ್ದು ಆಮದು ಸರಕಾಗಿ. ಮೊದಲು ಅದನ್ನು ಕೊಳ್ಳಬಲ್ಲವರು ಅಧಿಕಾರಿಗಳು, ಸೈನ್ಯದವರು, ಪಾದ್ರಿಗಳು, ಅನುಕೂಲಸ್ಥರು. 1809ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಥವರಿಗೆ ಕೊರತೆಯಿರಲಿಲ್ಲ. ಊರಿನ ನೆಲವೂ ಸೈಕಲ್ಲಿಗೆ ಹೇಳಿ ಮಾಡಿಸಿದಂತಿತ್ತು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿ, ತಂಪು ಹವೆ. ಹಲಸೂರಿನಿಂದ ಪೂರ್ವಕ್ಕೆ ನೆಲ ನಿಧಾನವಾಗಿ ಇಳಿಯುತ್ತ ದಕ್ಷಿಣ ಪಿನಾಕಿನಿಯ ಜಲಾನಯನದ ಕಡೆಗೆ ವಾಲುತ್ತದೆ. ಎದೆಯೊಡೆಯುವ ಏರುಗಳಿಲ್ಲ, ಒಂದು ಕೆರೆಯ ಏರಿಯಿಂದ ಇನ್ನೊಂದು ಕೆರೆಯ ಏರಿಗೆ ಹೋಗುವ ಸಣ್ಣ ಏರಿಳಿತಗಳಷ್ಟೇ.

ಈ ದಿಕ್ಕಿನಲ್ಲಿ ಹೋಗಲು ಒಂದು ಗುರಿಯೂ ಇತ್ತು. ಹತ್ತನೆಯ ಚಾಮರಾಜ ಒಡೆಯರ್ ಅವರು 1882ರಲ್ಲಿ ಆಂಗ್ಲೋ-ಇಂಡಿಯನ್ ಸಮುದಾಯದವರ ಕೃಷಿ ವಸಾಹತಿಗಾಗಿ ಸುಮಾರು 3,900 ಎಕರೆ ಜಮೀನು ನೀಡಿದರು. ಆ ಸಮುದಾಯದ ಮುಖಂಡ ಡಿ. ಎಸ್. ವೈಟ್ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ದಂಡಿನಿಂದ ಅಲ್ಲಿಗೆ ಹತ್ತು ಹನ್ನೆರಡು ಮೈಲಿ. ನಡೆಯುವವನಿಗೆ ಅರ್ಧ ದಿನ ಬೇಕು. ಕುದುರೆ ಗಾಡಿಯೆಂದರೆ ಖರ್ಚು. ರೈಲು ಅದರ ಸಮಯಕ್ಕೆ ಮಾತ್ರ. ಸೈಕಲ್ಲಿಗಾದರೋ ಒಂದೂವರೆ ಗಂಟೆಯ ದಾರಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದಾದ ದೂರ. ಗರುಡಾಚಾರ್‌ಪಾಳ್ಯದಂಥ ಸಣ್ಣ ಊರುಗಳು ಇದ್ದದ್ದು ಈ ಹಾದಿಯ ನಡುವೆ, ಹೊಲಗದ್ದೆಗಳ ಮಧ್ಯೆ.

ಆಗಿನ ಹಾದಿಗಳು ಸುಲಭದವಲ್ಲ. ಜಲ್ಲಿ ಹಾಸಿದ ಹೆದ್ದಾರಿ ಬಿಟ್ಟರೆ ಉಳಿದದ್ದು ಎತ್ತಿನ ಗಾಡಿಯ ಜಾಡು. ಮಳೆಗಾಲದಲ್ಲಿ ಕೆಮ್ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ ಹೆಗಲೇರಬೇಕು. ಬೇಸಗೆಯಲ್ಲಿ ಧೂಳು, ಜಾಲಿ ಮುಳ್ಳು. ಇವೆರಡರ ನಡುವಿನ ಸಂದು ಕಾರ್ತೀಕ, ಮಾರ್ಗಶಿರ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ನವೆಂಬರ್ ಮುಗಿಯುವ ಹೊತ್ತಿಗೆ ಮಣ್ಣು ಗಟ್ಟಿಯಾಗಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ. ಪಾಶ್ಚಾತ್ಯರು ಎಲೆ ಉದುರುವ ಕಾಲದ ಕೊನೆಯ ಬಿಸಿಲಿಗಾಗಿ ಸೈಕಲ್ ಹೊರತೆಗೆಯುತ್ತಿದ್ದರೆ, ಇಲ್ಲಿ ಅದೇ ತಿಂಗಳುಗಳಲ್ಲಿ ಹೊರಡಲು ಕಾರಣ ಬೇರೆ. ಇಲ್ಲಿನದು ನೆಲ ಒಣಗುವ ಲೆಕ್ಕ.

ಸೈಕಲ್ ದುಡಿಮೆಗೆ ಬಂದಾಗ

ಸಂತೋಷದ ಸವಾರಿಗೆ ಸೈಕಲ್, ರಸ್ತೆ, ಒಳ್ಳೆಯ ಹವೆ ಮಾತ್ರ ಸಾಲದು. ರಜೆ ಬೇಕು. ರಜೆಯೂ ಹೋರಾಡಿ ಪಡೆದದ್ದೇ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ಬಿಡುವು ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆ ಅವರ ಹೋರಾಟದ ಫಲವಾಗಿ 1890ರಲ್ಲಿ. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯಿದೆ ದೇಶದ ಕಾರ್ಖಾನೆಗಳಲ್ಲಿ ವಾರದ ರಜೆಯನ್ನು ಹೊಸದಾಗಿ ಗಟ್ಟಿಗೊಳಿಸಿತು. ಅದೇ ವರ್ಷ ಕೃಷ್ಣರಾಜಪುರದ ಬಳಿ ಐಟಿಐ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಯೇ ದೂರವಾಣಿ ನಗರ. ಅದಕ್ಕೆ ಮೊದಲೇ, 1940ರಲ್ಲಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬಂದಿತ್ತು.

ಪೂರ್ವ ಬೆಂಗಳೂರಿನ ಸೈಕಲ್ ಚರಿತ್ರೆಯ ದೊಡ್ಡ ತಿರುವು ಇದು. ಆಮದು ಸೈಕಲ್ಲಿನ ಕಾಲ ಹಿಂದೆ ಬಿತ್ತು. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೊ ಆರಂಭವಾದವು. ಸಾಹೇಬರ ವಾಹನ ಕಾರ್ಮಿಕನ ವಾಹನವಾಯಿತು. ಕ್ಯಾರಿಯರ್‌ಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಪಾಳಿಗೆ ಹೋಗುವವರು, ಹ್ಯಾಂಡಲಿನ ಎರಡೂ ಕಡೆ ಹಾಲಿನ ಕ್ಯಾನು ತೂಗುಹಾಕಿ ಊರಿಗೆ ಬರುವವರು, ಸೊಪ್ಪಿನ ಕಂತೆ ಹೇರಿಕೊಂಡು ಸಂತೆಗೆ ಹೊರಟವರು ಎಲ್ಲರೂ ಒಂದೇ ರಸ್ತೆಯಲ್ಲಿ. ಸೈಕಲ್ಲಿಗೆ ಲೈಸೆನ್ಸ್ ಬಿಲ್ಲೆ ಬೇಕಿತ್ತು. ಸಂಜೆಯಾದರೆ ದೀಪವಿಲ್ಲದವನನ್ನು, ಇಬ್ಬರನ್ನು ಕೂರಿಸಿಕೊಂಡವನನ್ನು ಪೊಲೀಸರು ನಿಲ್ಲಿಸುತ್ತಿದ್ದರು.

ಹೀಗೆ ದುಡಿಮೆಗೆ ಬಂದ ಸೈಕಲ್ಲೇ ರಜೆಯ ದಿನ ಮೋಜಿಗೂ ಒದಗಿತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಸೈಕಲ್ಲುಗಳ ಅಂಗಡಿ ಪ್ರತಿ ಬೀದಿಯ ತುದಿಗೆ ಇರುತ್ತಿತ್ತು. ಬಾರಿನ ಕೆಳಗೆ ಕಾಲು ತೂರಿಸಿ ಅರ್ಧ ಪೆಡಲ್ ತುಳಿದು ಕಲಿತ ಹುಡುಗರ ಮೊದಲ ದೂರಪ್ರಯಾಣ ಪಕ್ಕದೂರಿನ ಜಾತ್ರೆಗೋ, ಟೆಂಟ್ ಸಿನಿಮಾಕ್ಕೋ. ಹಳ್ಳಿಗಳಲ್ಲಿ ಕೆಳಗಿಳಿಯದೆ ದಿನಗಟ್ಟಲೆ ಸೈಕಲ್ ತುಳಿಯುವವನ ಪ್ರದರ್ಶನಕ್ಕೆ ಊರೇ ಸೇರುತ್ತಿತ್ತು. ಇವನ್ನೆಲ್ಲ ಯಾವ ಸಂಘವೂ ದಾಖಲಿಸಲಿಲ್ಲ. ಆದರೂ ವಿಹಾರದ ಸೈಕಲ್ ಸವಾರಿಯ ಇತಿಹಾಸದಲ್ಲಿ ಇವಕ್ಕೆ ಕ್ಲಬ್ಬುಗಳಿಗಿರುವಷ್ಟೇ ಸ್ಥಾನವಿದೆ.

ಹೆಣ್ಣುಮಕ್ಕಳಿಗೆ ಈ ಸ್ವಾತಂತ್ರ್ಯ ತಡವಾಗಿ ದಕ್ಕಿತು. ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನ ಸಾವಿರಾರು ಮಹಿಳೆಯರಿಗೆ ಸೈಕಲ್ ಕಲಿಸಿ ದೇಶದ ಗಮನ ಸೆಳೆಯಿತು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದ ಮೇಲೆ ಹಳ್ಳಿ ರಸ್ತೆಗಳಲ್ಲಿ ಸಮವಸ್ತ್ರದ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುವುದು ಸಾಮಾನ್ಯ ನೋಟವಾಯಿತು.

ಮರಳಿ ವಿಹಾರ

ಸ್ಕೂಟರು, ಮೊಪೆಡ್ಡು, ಬೈಕುಗಳು ಅಗ್ಗವಾದಂತೆ ನಗರದ ದುಡಿಯುವವನು ಸೈಕಲ್ ಬಿಟ್ಟ. ಅವನು ಬಿಟ್ಟ ಸೈಕಲ್ಲನ್ನು ಹೊಸ ಸಹಸ್ರಮಾನದಲ್ಲಿ ಎತ್ತಿಕೊಂಡವರು ಹೆಚ್ಚಾಗಿ ಕಂಪ್ಯೂಟರ್ ಉದ್ಯೋಗಿಗಳು. ವೈಟ್‌ಫೀಲ್ಡ್ ಬಳಿ 1994ರಲ್ಲಿ ಐಟಿಪಿಎಲ್‌ಗೆ ಚಾಲನೆ ಸಿಕ್ಕ ಮೇಲೆ ಈ ಭಾಗದ ಚಹರೆಯೇ ಬದಲಾಯಿತು. ಬೆಂಗಳೂರಿನ ಸವಾರರು 2008ರ ಡಿಸೆಂಬರಿನಲ್ಲಿ ‘ಟೂರ್ ಆಫ್ ನೀಲಗಿರೀಸ್’ ಎಂಬ ಬಹುದಿನದ ಯಾತ್ರೆ ಆರಂಭಿಸಿದರು. ಆಮೇಲೆ ಫ್ರಾನ್ಸಿನ ಮಾದರಿಯ ದೀರ್ಘ ಸವಾರಿಗಳೂ ಬಂದವು. ಇವುಗಳಲ್ಲಿ ಯಾರೂ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಸಾಕು.

ಈ ಸವಾರರು ಹೋಗುವುದು ರೈತರ ಕೆಲಸದ ದಿನಗಳ ನಡುವೆಯೇ. ಕೋಲಾರದ ಕಡೆಯ ಹಳ್ಳಿ ರಸ್ತೆಗಳಲ್ಲಿ ಕೊಯ್ದ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿರುತ್ತಾರೆ, ಓಡಾಡುವ ವಾಹನಗಳೇ ತುಳಿದು ಕಾಳು ಬಿಡಿಸಲಿ ಎಂದು. ಸಗಣಿ ಸಾರಿಸಿದ ಕಣಗಳು ಕಡಿಮೆಯಾದ ಮೇಲೆ ರಸ್ತೆಯೇ ಕಣ. ಸೈಕಲ್ಲಿಗೆ ಅದು ಜಾರುವ ಅಪಾಯ. ರೈತನಿಗೆ ಅದು ವರ್ಷದ ಅನ್ನ. ಒಬ್ಬರ ವಿಹಾರ, ಇನ್ನೊಬ್ಬರ ದುಡಿಮೆ ಎದುರುಬದುರಾಗುವ ಇಂಥ ಕಡೆ ಇಳಿದು ತಳ್ಳಿಕೊಂಡು ಹೋಗುವ ಸವಾರನೇ ಜಾಣ.

ಸರಿಯುತ್ತಿರುವ ಹೊಲ

ಇಂದಿನ ದೊಡ್ಡ ಪ್ರಶ್ನೆ, ಈ ಸವಾರಿ ಹೋಗಬೇಕಾದ ಹಳ್ಳಿಗಾಡು ಎಲ್ಲಿದೆ ಎಂಬುದು. ಕೃಷ್ಣರಾಜಪುರ, ಮಹದೇವಪುರಗಳು 2007ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರಿದವು. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಓಡಿತು. ಹಿಂದೆ ಹೊಲಗಳ ನಡುವೆ ಇದ್ದ ಗರುಡಾಚಾರ್‌ಪಾಳ್ಯ ಈಗ ಆ ಮಾರ್ಗದ ಒಂದು ನಿಲ್ದಾಣ. ಇಲ್ಲಿಂದ ಹೊರಟವನಿಗೆ ರಾಗಿ ಹೊಲ ನೋಡಬೇಕೆಂದರೆ ಹೊಸಕೋಟೆ ದಾಟಬೇಕು. ಅಲ್ಲಿಯವರೆಗಿನ ದಾರಿ ಲಾರಿ, ಟ್ಯಾಂಕರುಗಳ ಪಾಲು.

ರಸ್ತೆಗಳೂ ಸೈಕಲ್ಲನ್ನು ಮರೆಯುತ್ತಿವೆ. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಗುರುತಿಸಿದ ಸೈಕಲ್ ಪಥ ಮೆಟ್ರೊ ಕಾಮಗಾರಿಯ ನಡುವೆ ಉಳಿಯಲಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿನಂಥ ಎಂಜಿನ್ನಿಲ್ಲದ ವಾಹನಗಳಿಗೂ ಪ್ರವೇಶ ನಿಂತಿತು. ವೇಗದ ರಸ್ತೆಯಲ್ಲಿ ಸುರಕ್ಷತೆಗೆ ಇದು ಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪಕ್ಕದಲ್ಲೊಂದು ನಿಧಾನದ ದಾರಿಯನ್ನು ಅಚ್ಚುಕಟ್ಟಾಗಿ ಉಳಿಸಿದರೆ ಮಾತ್ರ ಆ ವಾದ ಪೂರ್ಣವಾಗುತ್ತದೆ. ಬೇಡಿಕೆ ಇಟ್ಟಾಗ ಆಗಲೇ ಇಲ್ಲವೆಂದೂ ಅಲ್ಲ: ಮಡಚುವ ಸೈಕಲ್ಲನ್ನು ಮೆಟ್ರೊ ರೈಲಿನಲ್ಲಿ ಒಯ್ಯಲು 2022ರಲ್ಲಿ ಅವಕಾಶ ದೊರೆಯಿತು.

ಸೈಕಲ್ ಪಥದ ಬೇಡಿಕೆಯನ್ನು ವಿಹಾರಕ್ಕೆ ಹೊರಡುವವರ ಹವ್ಯಾಸವೆಂದು ತಳ್ಳಿಹಾಕುವುದು ಸುಲಭ. ಆದರೆ ಭಾನುವಾರದ ನಸುಕಿನ ಅದೇ ರಸ್ತೆಯಲ್ಲಿ ಪೇಪರು ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿದ ಕಾವಲುಗಾರ, ಕಟ್ಟಡ ಕೆಲಸಕ್ಕೆ ಹೊರಟವನು ಕೂಡ ಪೆಡಲ್ ತುಳಿಯುತ್ತಿರುತ್ತಾರೆ. ಅವರ ಸೈಕಲ್ಲಿಗೆ ಗೇರಿಲ್ಲ, ಮಿನುಗುವ ದೀಪವಿಲ್ಲ, ವಾರದ ರಜೆಯೂ ಅನುಮಾನ. ರಸ್ತೆ ಸುರಕ್ಷಿತವಾದರೆ ಮೊದಲು ಉಳಿಯುವುದು ದಿನವೂ ಅದರಲ್ಲಿ ಓಡಾಡುವ ಇವರ ಜೀವ. ಇಂಗ್ಲೆಂಡಿನಲ್ಲಿ ವಿಹಾರದ ಸವಾರರು ಒಳ್ಳೆಯ ರಸ್ತೆ ಕೇಳಿದ್ದು ತಮಗಾಗಿ. ಅದರ ಲಾಭ ಎಲ್ಲರಿಗೂ ಆಯಿತು. ಇಲ್ಲಿ ಕಾರ್ತೀಕದ ಮಂಜಿನಲ್ಲಿ ಹೊರಡುವ ಗುಂಪುಗಳು ತಮ್ಮ ಪಕ್ಕದಲ್ಲೇ ಸಾಗುವ ಈ ಸವಾರರನ್ನೂ ಲೆಕ್ಕಕ್ಕೆ ಹಿಡಿದು ದನಿಯೆತ್ತಿದರೆ, ಆ ದನಿಗೆ ಆಡಳಿತ ಕಿವಿಗೊಡಬೇಕಾಗಿ ಬಂದೀತು.