ವರ್ತಕ ತಂಡ ಬಂದ ಶುಕ್ರವಾರ

ಮದೀನಾದ ಮಸೀದಿಯಲ್ಲಿ ಜುಮುಅದ ಖುತ್ಬಾ ನಡೆಯುತ್ತಿತ್ತು. ಪ್ರವಾದಿ ಮುಹಮ್ಮದ್(ಸ)ರವರು ನಿಂತು ಉಪದೇಶಿಸುತ್ತಿದ್ದರು. ಅಷ್ಟರಲ್ಲಿ ಸಿರಿಯಾದ ಕಡೆಯಿಂದ ವರ್ತಕರ ತಂಡವೊಂದು ಆಹಾರ ಸಾಮಗ್ರಿಗಳನ್ನು ಹೊತ್ತು ಊರನ್ನು ತಲುಪಿತು. ಸುದ್ದಿ ಕಿವಿಗೆ ಬಿದ್ದೊಡನೆ ಜನರು ಎದ್ದು ಅತ್ತ ಧಾವಿಸಿದರು. ಉಳಿದವರು ಹನ್ನೆರಡೇ ಮಂದಿ. ಇದನ್ನು ವರದಿ ಮಾಡಿದ ಜಾಬಿರ್ ಬಿನ್ ಅಬ್ದುಲ್ಲಾಹ್(ರ)ರು ಆ ಹನ್ನೆರಡು ಮಂದಿಯಲ್ಲೊಬ್ಬರು. ಅಬೂಬಕರ್(ರ) ಮತ್ತು ಉಮರ್(ರ) ಕೂಡ ಕದಲಲಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಈ ಘಟನೆಯಿದೆ. ಪವಿತ್ರ ಕುರ್‌ಆನಿನ 62ನೇ ಅಧ್ಯಾಯ ಅಲ್-ಜುಮುಅದ ಕೊನೆಯ ಸೂಕ್ತ ಅವತೀರ್ಣವಾದುದು ಇದೇ ಸಂದರ್ಭದಲ್ಲಿ.

ಎದ್ದುಹೋದವರನ್ನು ಲಘುವಾಗಿ ಕಾಣುವ ಅಧಿಕಾರ ನಮಗಿಲ್ಲ. ಅವರು ಸಹಾಬಿಗಳು. ಆಗ ಮದೀನಾದಲ್ಲಿ ಅಭಾವವಿತ್ತು, ಬೆಲೆಗಳು ಏರಿದ್ದವು ಎಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ತಂಡದ ಆಗಮನವನ್ನು ಸಾರುವ ವಾದ್ಯದ ಸದ್ದಿನ ಪ್ರಸ್ತಾಪವೂ ಇದೆ. ಆದರೆ ಬರೀ ಸದ್ದಿಗೆ ಮರುಳಾಗಿ ಅಷ್ಟು ಜನ ಎದ್ದಿರಲಾರರು. ಮನೆಯಲ್ಲಿ ಹಸಿವಿದ್ದಾಗ, ತಡವಾದರೆ ಧಾನ್ಯ ಬೇರೆಯವರ ಪಾಲಾಗುತ್ತದೆ ಎಂಬ ಆತಂಕ ಸಹಜವೇ. ಗಮನವನ್ನು ಸೆಳೆದೊಯ್ಯುವುದು ಸದಾ ವಿನೋದದ ರೂಪದಲ್ಲೇ ಬರುವುದಿಲ್ಲ. ಹೆಚ್ಚಿನ ಸಲ ಅದು ಅಗತ್ಯದ ವೇಷ ತೊಟ್ಟಿರುತ್ತದೆ.

ಇಮಾಮ್ ಅಬೂ ದಾವೂದ್‌ರು ಇನ್ನೊಂದು ವರದಿಯನ್ನು ದಾಖಲಿಸಿದ್ದಾರೆ. ಆ ಕಾಲದಲ್ಲಿ ಈದ್‌ನಂತೆ ಜುಮುಅದಲ್ಲೂ ಮೊದಲು ನಮಾಝ್, ಅನಂತರ ಖುತ್ಬಾ ಇತ್ತಂತೆ. ನಮಾಝ್ ಮುಗಿಯಿತಲ್ಲ, ಇನ್ನು ಹೋದರೆ ತಪ್ಪೇನಿಲ್ಲ ಎಂದು ಜನರು ಭಾವಿಸಿದರಂತೆ. ಅದು ಮುರ್ಸಲ್ ವರದಿ, ಅದರ ಪರಂಪರೆ ಪೂರ್ಣವಲ್ಲ. ಆದರೂ ಈ ಬಗೆಯ ಲೆಕ್ಕಾಚಾರ ನಮಗೆ ಅಪರಿಚಿತವೇ? ಖುತ್ಬಾ ಮುಗಿಯುವ ಹೊತ್ತಿಗೆ ಸರಿಯಾಗಿ ಮಸೀದಿಯ ಮೆಟ್ಟಿಲೇರುವವರೂ, ಖುತ್ಬಾದ ನಡುವೆ ಮೊಬೈಲ್ ನೋಡುವವರೂ ನಮ್ಮಲ್ಲಿದ್ದಾರೆ.

ಆ ಸೂಕ್ತದಲ್ಲಿ ವ್ಯಾಪಾರಕ್ಕೆ ನಿಷೇಧವಿಲ್ಲ. ಅದರ ಹಿಂದಿನ ಸೂಕ್ತವೇ ನಮಾಝಿನ ಬಳಿಕ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ಹೇಳುತ್ತದೆ. ಆಕ್ಷೇಪವಿದ್ದುದು ಮೀಸಲಾದ ಆ ಸ್ವಲ್ಪ ಹೊತ್ತನ್ನು ಬಿಟ್ಟುಕೊಟ್ಟುದಕ್ಕೆ ಮಾತ್ರ.

ಉಮರ್(ರ)ರ ಪುತ್ರ ಅಬ್ದುಲ್ಲಾಹ್(ರ)ರು ಒಮ್ಮೆ ಮಾರುಕಟ್ಟೆಯಲ್ಲಿದ್ದಾಗ ನಮಾಝಿನ ಕರೆ ಕೇಳಿಸಿತು. ವ್ಯಾಪಾರಿಗಳು ಅಂಗಡಿಗಳನ್ನು ಮುಚ್ಚಿ ಮಸೀದಿಗೆ ನಡೆದರು. ವ್ಯಾಪಾರವಾಗಲೀ ಕ್ರಯವಿಕ್ರಯವಾಗಲೀ ಅಲ್ಲಾಹನ ಸ್ಮರಣೆಯಿಂದ ವಿಮುಖಗೊಳಿಸದ ಜನರ ಕುರಿತು ಅನ್ನೂರ್ ಅಧ್ಯಾಯದ 37ನೇ ಸೂಕ್ತವಿದೆಯಲ್ಲವೇ, ಅದು ಇಂಥವರ ಬಗ್ಗೆಯೇ ಎಂದು ಅವರು ನುಡಿದುದಾಗಿ ತಫ್ಸೀರ್ ಗ್ರಂಥಗಳಲ್ಲಿದೆ. ಆ ವ್ಯಾಪಾರಿಗಳು ಸಂತೆಯನ್ನು ತೊರೆದ ವಿರಕ್ತರಲ್ಲ, ನಮಾಝ್ ಮುಗಿಸಿ ಮತ್ತೆ ಅದೇ ತಕ್ಕಡಿಯ ಮುಂದೆ ಕೂರಬೇಕಾಗಿದ್ದವರು.